ಕೈ ನಡುಗಿದರೂ ಗುರಿ ತಪ್ಪದಿರಲು: ಏರ್ ಪಿಸ್ತೂಲ್ ಕಲಿಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಮಕ್ಕಳಿಗೆ ಏರ್ ಪಿಸ್ತೂಲ್ ಹೇಳಿಕೊಡುವ ನಮ್ಮ ಬಳಿ ಸಂಡೂರು, ಸಿರುಗುಪ್ಪ, ಗಂಗಾವತಿ ಕಡೆಯಿಂದಲೂ ಪಾಲಕರು ಬರುತ್ತಾರೆ. ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಮಾತು. "ಸರ್, ಇಲ್ಲಿ ಚೆನ್ನಾಗೇ ಹೊಡೀತಾನೆ. ಬೆಂಗಳೂರಿಗೆ ಸ್ಪರ್ಧೆಗೆ ಕರ್ಕೊಂಡು ಹೋದ್ರೆ ಕೈ ನಡುಗುತ್ತೆ. ಏನು ಮಾಡೋದು?" ಈ ಪುಟದ ಬಹುಪಾಲು ಆ ಪ್ರಶ್ನೆಗೇ ಉತ್ತರ. ನಡುಕ ನಿಲ್ಲಲಿ ಅಂತ ಕಾಯುತ್ತಾ ಕೂತರೆ ಅದು ನಿಲ್ಲುವುದಿಲ್ಲ. ನಡುಗುವ ಕೈಯಲ್ಲೇ ಟ್ರಿಗರನ್ನು ಸರಿಯಾಗಿ ಒತ್ತಲು ಕಲಿಯಬೇಕು. ಅದು ಕಲಿಯಬಹುದಾದ ವಿದ್ಯೆ.

10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆ ಅಂದರೆ ಏನು?

ಒಂದೇ ಕೈಯಲ್ಲಿ ಪಿಸ್ತೂಲ್ ಹಿಡಿದು, ನಿಂತುಕೊಂಡು, 10 ಮೀಟರ್ ದೂರದ ಟಾರ್ಗೆಟ್‌ಗೆ ಗಾಳಿಯ ಒತ್ತಡದಿಂದ 4.5 ಮಿಲಿಮೀಟರ್ ಸೀಸದ ಪೆಲೆಟ್ (ಸಣ್ಣ ಗುಂಡು) ಹೊಡೆಯುವ ಆಟ. ಅರ್ಹತಾ ಸುತ್ತಿನಲ್ಲಿ 60 ಹೊಡೆತ. ಎಲೆಕ್ಟ್ರಾನಿಕ್ ಟಾರ್ಗೆಟ್ ಇದ್ದರೆ 75 ನಿಮಿಷ, ಕಾಗದದ ಟಾರ್ಗೆಟ್ ಇದ್ದರೆ 90 ನಿಮಿಷ. ಅದಕ್ಕೂ ಮೊದಲು ತಯಾರಿಗೆ ಮತ್ತು ಪರೀಕ್ಷಾ ಹೊಡೆತಗಳಿಗೆ 15 ನಿಮಿಷ ಸಿಗುತ್ತದೆ. ಟಾರ್ಗೆಟ್ ಮಧ್ಯದ ಹತ್ತು ಅಂಕದ ವೃತ್ತದ ಅಗಲ 11.5 ಮಿಲಿಮೀಟರ್ ಮಾತ್ರ. ಒಂದು ಅಂಗಿ ಗುಂಡಿಯಷ್ಟು.

ಪಿಸ್ತೂಲಿನ ತೂಕ 1,500 ಗ್ರಾಂ ದಾಟಬಾರದು. ಟ್ರಿಗರ್ ಕನಿಷ್ಠ 500 ಗ್ರಾಂ ಒತ್ತಡಕ್ಕೆ ಮಾತ್ರ ಬಿಡಬೇಕು. ಸ್ಪರ್ಧೆಗೆ ಮುಂಚೆ ಇದನ್ನೆಲ್ಲ ಅಳೆದು ನೋಡುತ್ತಾರೆ. ಕಾಲಿನ ಹರಡು ಮುಚ್ಚುವ ಶೂ ಕೂಡ ಹಾಕುವಂತಿಲ್ಲ.

ಇದಕ್ಕೆ ಲೈಸೆನ್ಸ್ ಬೇಕಾ?

ಸ್ಪರ್ಧೆಯ ಏರ್ ಪಿಸ್ತೂಲಿಗೆ ಬೇಡ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ಕೊಳವೆಯ ಅಳತೆ 4.5 ಮಿಲಿಮೀಟರ್ ಮೀರದ, ಶಕ್ತಿ 20 ಜೂಲ್ ಮೀರದ ಏರ್ ಗನ್‌ಗಳಿಗೆ ಲೈಸೆನ್ಸ್ ಬೇಕಿಲ್ಲ. ಸ್ಪರ್ಧೆಯ ಪಿಸ್ತೂಲ್ ಇದಕ್ಕಿಂತ ಎಷ್ಟೋ ಕಡಿಮೆ ಶಕ್ತಿಯದ್ದು. ಕೊಳ್ಳುವಾಗ ಗುರುತಿನ ಚೀಟಿ, ವಿಳಾಸದ ದಾಖಲೆ ಜೊತೆಗಿರಲಿ. ರಸೀದಿಯನ್ನು ಪಿಸ್ತೂಲಿನ ಪೆಟ್ಟಿಗೆಯಲ್ಲೇ ಇಡಿ.

ಲೈಸೆನ್ಸ್ ಬೇಡ ಅಂದರೆ ಆಟಿಕೆ ಅಂತ ಅರ್ಥವಲ್ಲ. ಹತ್ತಿರದಿಂದ ಬಿದ್ದರೆ ಕಣ್ಣು ಹೋಗುತ್ತದೆ. ತೋಟದಲ್ಲಿ ಹಕ್ಕಿ ಹೊಡೆಯಲು ಒಯ್ಯುವವರಿಗೆ ನಾವು ಹೇಳಿಕೊಡುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅದು ಅಪರಾಧವೂ ಹೌದು.

ಮೊದಲ ದಿನ ಎಷ್ಟು ಗುಂಡು ಹೊಡೆಸುತ್ತೀರಿ?

ಒಂದೂ ಇಲ್ಲ. ಮಕ್ಕಳಿಗೆ ಬೇಜಾರಾಗುತ್ತದೆ, ಗೊತ್ತು. ಆದರೂ ಮೊದಲ ಪಾಠ ಸುರಕ್ಷತೆಯದ್ದೇ.

ಪಿಸ್ತೂಲ್ ಖಾಲಿ ಇದ್ದರೂ ತುಂಬಿದೆ ಅಂತಲೇ ತಿಳಿಯಬೇಕು. ಅದರ ಬಾಯಿ ಯಾವಾಗಲೂ ಟಾರ್ಗೆಟ್ ಕಡೆಗೇ ಇರಬೇಕು. ಯಾರೋ ಹೆಸರು ಹಿಡಿದು ಕೂಗಿದರೆ ಪಿಸ್ತೂಲ್ ಮೇಜಿನ ಮೇಲಿಟ್ಟು ಆಮೇಲೆ ತಿರುಗಬೇಕು. ಸೈಟ್, ಅಂದರೆ ಗುರಿ ಹಿಡಿಯಲು ಪಿಸ್ತೂಲಿನ ಮೇಲಿರುವ ಗುರುತು, ಟಾರ್ಗೆಟ್ ಮೇಲೆ ಬರುವವರೆಗೂ ಬೆರಳು ಟ್ರಿಗರ್ ಹೊರಗೇ ಇರಬೇಕು. ಕೆಳಗಿಡುವ ಮುಂಚೆ ಖಾಲಿ ಮಾಡಿ, ಕೊಳವೆಯಲ್ಲಿ ಬಣ್ಣದ ಸುರಕ್ಷತಾ ದಾರ ಹಾಕಬೇಕು. ದೂರದಿಂದ ನೋಡಿದವರಿಗೂ ಖಾಲಿ ಅಂತ ಗೊತ್ತಾಗಬೇಕು. "ಸ್ಟಾಪ್" ಅಂದ ಕೂಡಲೇ ಕೈ ಕೆಳಗೆ. ಹೇಳಿದವರು ಕೋಚ್ ಆಗಿರಲಿ, ಪಕ್ಕದಲ್ಲಿ ನಿಂತ ಹತ್ತು ವರ್ಷದ ಹುಡುಗಿ ಆಗಿರಲಿ.

ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ, ಗಾಬರಿಯಾದಾಗ ಮನುಷ್ಯ ನಿಯಮ ನೆನಪಿಸಿಕೊಂಡು ನಡೆಯುವುದಿಲ್ಲ. ಕೈಗೆ ಏನು ರೂಢಿಯಾಗಿದೆಯೋ ಅದನ್ನೇ ಮಾಡುತ್ತಾನೆ. ಪಿಸ್ತೂಲ್ ಕೆಟ್ಟು ನಿಂತಾಗ "ಏನಾಯ್ತು ನೋಡಿ ಸರ್" ಅಂತ ಅದನ್ನು ಕೈಯಲ್ಲೇ ಹಿಡಿದು ಹಿಂದಕ್ಕೆ ತಿರುಗುವುದು ಇಂಥ ಗಾಬರಿಯಲ್ಲೇ. ಸುರಕ್ಷತೆ ರೂಢಿಯಾಗುವವರೆಗೂ ನಾವು ಪೆಲೆಟ್ ಕೊಡುವುದಿಲ್ಲ.

ಇನ್ನೊಂದು ಮಾತು. ಪೆಲೆಟ್ ಸೀಸದ್ದು. ರೇಂಜ್‌ನಲ್ಲಿ ಏನೂ ತಿನ್ನಬಾರದು. ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆಯಬೇಕು. ಪೆಲೆಟ್ ಬಾಯಲ್ಲಿಟ್ಟುಕೊಳ್ಳುವ ಅಭ್ಯಾಸವಿದ್ದ ಮಗುವನ್ನು ಆ ದಿನವೇ ಮನೆಗೆ ಕಳಿಸುತ್ತೇವೆ.

ಹಿಡಿತ ಹೇಗಿರಬೇಕು? ಬಿಗಿಯಾಗಿ ಹಿಡಿದರೆ ನಡುಕ ಕಡಿಮೆಯಾಗುತ್ತದಾ?

ಇಲ್ಲ, ಜಾಸ್ತಿಯಾಗುತ್ತದೆ. ಮಧ್ಯದ ಬೆರಳು ಮತ್ತು ಉಂಗುರ ಬೆರಳು ಗ್ರಿಪ್ ಅನ್ನು ನೇರವಾಗಿ ಹಿಂದಕ್ಕೆ, ಅಂಗೈ ಕಡೆಗೆ ಒತ್ತಬೇಕು. ಹೆಬ್ಬೆರಳು ಸುಮ್ನೆ ಒರಗಿರಲಿ. ಕಿರುಬೆರಳಿಗೂ ಹೆಚ್ಚು ಕೆಲಸ ಬೇಡ. ತೋರುಬೆರಳು ಪೂರ್ತಿ ಸ್ವತಂತ್ರ. ಮಣಿಕಟ್ಟು ಮಾತ್ರ ಗಟ್ಟಿ, ಅದು ಬಾಗಬಾರದು.

ಎಷ್ಟು ಗಟ್ಟಿ ಹಿಡಿಯಬೇಕು ಅನ್ನುವುದಕ್ಕಿಂತ ಪ್ರತಿ ಸಲ ಅಷ್ಟೇ ಹಿಡಿಯುವುದು ಮುಖ್ಯ. ಮೊದಲ ಹೊಡೆತಕ್ಕೂ ಅರವತ್ತನೆಯದಕ್ಕೂ ಹಿಡಿತ ಬದಲಾದರೆ ಗ್ರೂಪ್, ಅಂದರೆ ಪೆಲೆಟ್ ಬಿದ್ದ ಗುರುತುಗಳ ಗುಂಪು, ಜಾಗ ಬದಲಿಸುತ್ತದೆ. ಗಾಬರಿಯಲ್ಲಿ ಎಲ್ಲರೂ ಮಾಡುವುದು ಹಿಡಿತ ಬಿಗಿ ಮಾಡುವುದನ್ನೇ. ಹಾಗಾಗಿ ಕೈ ಎತ್ತುವ ಮುಂಚೆ ಹಿಡಿತದ ಒತ್ತಡವನ್ನು ಮನಸ್ಸಿನಲ್ಲಿ ಒಮ್ಮೆ ಅಳೆದು ನೋಡುವ ರೂಢಿ ಮಾಡಿಕೊಳ್ಳಿ.

ನಿಲ್ಲುವ ಭಂಗಿ?

ಪಾದಗಳು ಭುಜದಷ್ಟು ಅಗಲ, ತೂಕ ಎರಡೂ ಕಾಲಿಗೆ ಸಮ, ಇನ್ನೊಂದು ಕೈ ಜೇಬಿನಲ್ಲಿ ಅಥವಾ ಬೆಲ್ಟ್‌ನಲ್ಲಿ. ಕಣ್ಣು ಮುಚ್ಚಿ ಕೈ ಎತ್ತಿ, ಆಮೇಲೆ ಕಣ್ಣು ತೆರೆಯಿರಿ. ಪಿಸ್ತೂಲ್ ಟಾರ್ಗೆಟ್‌ನ ಎಡಕ್ಕೋ ಬಲಕ್ಕೋ ಇದ್ದರೆ ತೋಳಿನಿಂದ ಎಳೆದು ತರಬೇಡಿ. ಹಿಂದಿನ ಪಾದ ಸ್ವಲ್ಪ ಸರಿಸಿ. ತೋಳಿನಿಂದ ಎಳೆದು ನಿಲ್ಲಿಸಿದ್ದು ದಣಿವಾದಾಗ ತನ್ನ ಜಾಗಕ್ಕೇ ವಾಪಸ್ ಹೋಗುತ್ತದೆ.

ಟಾರ್ಗೆಟ್ ನೋಡಬೇಕಾ, ಸೈಟ್ ನೋಡಬೇಕಾ?

ಮುಂದಿನ ಸೈಟ್. ಅದು ಚೂಪಾಗಿ ಕಾಣಬೇಕು, ಟಾರ್ಗೆಟ್ ಮಸುಕಾಗಿದ್ದರೆ ಸಾಕು. ಹಿಂದಿನ ಸೈಟ್‌ನ ಸೀಳಿನಲ್ಲಿ ಮುಂದಿನ ಸೈಟ್ ಮಧ್ಯಕ್ಕಿರಬೇಕು. ಎರಡೂ ಪಕ್ಕದಲ್ಲಿ ಬೆಳಕು ಸಮ, ಎರಡೂ ಸೈಟ್ ಮೇಲಂಚು ಸಮ.

ಇದಕ್ಕೊಂದು ಲೆಕ್ಕವಿದೆ. ಮಕ್ಕಳಿಗೆ ಇದನ್ನು ಬೋರ್ಡ್ ಮೇಲೆ ಬರೆದೇ ತೋರಿಸುತ್ತೇವೆ. ಎರಡು ಸೈಟ್‌ಗಳ ನಡುವೆ ಸುಮಾರು 33 ಸೆಂಟಿಮೀಟರ್ ಅಂತರ ಇದೆ ಅಂದುಕೊಳ್ಳಿ. 10 ಮೀಟರ್ ಅಂದರೆ ಅದರ 30 ಪಟ್ಟು. ಸೈಟ್ 1 ಮಿಲಿಮೀಟರ್ ಪಕ್ಕಕ್ಕೆ ಸರಿದರೆ ಪೆಲೆಟ್ 30 ಮಿಲಿಮೀಟರ್ ಪಕ್ಕಕ್ಕೆ ಬೀಳುತ್ತದೆ. ಹತ್ತು ಹೋಯಿತು, ಒಂಬತ್ತೂ ಹೋಯಿತು. ಆದರೆ ಸೈಟ್ ಸರಿಯಾಗಿದ್ದು, ಇಡೀ ಕೈ 5 ಮಿಲಿಮೀಟರ್ ಪಕ್ಕಕ್ಕೆ ತೇಲಿದರೆ? ಪೆಲೆಟ್ ಕೂಡ ಬರೀ 5 ಮಿಲಿಮೀಟರ್ ಸರಿಯುತ್ತದೆ. ಅದು ಹತ್ತೇ.

ಕೈ ತೇಲುವುದು ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ, ಕೆಡಿಸುವುದು ಕಡಿಮೆ. ಸೈಟ್ ಓರೆಯಾಗುವುದು ಕಣ್ಣಿಗೆ ಕಾಣುವುದೇ ಇಲ್ಲ, ಕೆಡಿಸುವುದು ಜಾಸ್ತಿ. ಈ ಒಂದು ವಿಷಯ ಮನಸ್ಸಿಗೆ ಇಳಿದರೆ ಅರ್ಧ ಭಯ ಹೋಗುತ್ತದೆ. ನಡುಗುತ್ತಿರುವ ಕೈಯಲ್ಲೂ ಹತ್ತು ಬೀಳುತ್ತದೆ ಅನ್ನುವುದು ಸಮಾಧಾನದ ಮಾತಲ್ಲ, ರೇಖಾಗಣಿತ.

ಟ್ರಿಗರ್ ಒತ್ತುವಾಗ ಪೆಲೆಟ್ ಕೆಳಗೆ ಎಡಕ್ಕೆ ಹೋಗುತ್ತದೆ. ಯಾಕೆ?

ಬಲಗೈಯವರಲ್ಲಿ ತುಂಬಾ ಸಾಮಾನ್ಯ. ಹತ್ತು ಕಂಡಾಗ "ಈಗಲೇ ಬಿಡು" ಅಂತ ಮನಸ್ಸು ಹೇಳುತ್ತದೆ, ಬೆರಳು ಟ್ರಿಗರ್ ಕಿತ್ತುಬಿಡುತ್ತದೆ. ಬೆರಳಿನ ಜೊತೆ ಇಡೀ ಅಂಗೈ ಮುಷ್ಟಿ ಹಿಡಿಯುತ್ತದೆ. ಪಿಸ್ತೂಲ್ ತೂಕ ಸುಮಾರು ಒಂದು ಕಿಲೋ, ಟ್ರಿಗರ್ ಒತ್ತಡ ಅರ್ಧ ಕಿಲೋ. ಆ ಅರ್ಧ ಕಿಲೋ ಸ್ವಲ್ಪ ಓರೆಯಾಗಿ ಬಿದ್ದರೂ ಸೈಟ್ ತಿರುಗುತ್ತದೆ.

ಸರಿಯಾದ ಕ್ರಮ ಹೀಗೆ. ಟಾರ್ಗೆಟ್‌ಗಿಂತ ಮೇಲೆ ಎತ್ತಿದ ಕೈ ಕೆಳಗಿಳಿಸುತ್ತಾ ಟ್ರಿಗರ್‌ನ ಮೊದಲ ಹಂತ (ಬಿಡುವ ಮುಂಚಿನ ಸಡಿಲ ಎಳೆತ) ತೆಗೆದುಕೊಳ್ಳಿ. ಕಪ್ಪು ವೃತ್ತದ ಕೆಳಗಿನ ಜಾಗಕ್ಕೆ ಸೈಟ್ ಬಂದು ತೇಲಲು ಶುರುವಾದಾಗ ಒತ್ತಡ ಹೆಚ್ಚಿಸುತ್ತಾ ಹೋಗಿ. ನಿಲ್ಲಿಸಬೇಡಿ, ಆತುರವೂ ಬೇಡ. ಯಾವ ಕ್ಷಣಕ್ಕೆ ಬಿಡುತ್ತದೆ ಅಂತ ನಿಮಗೇ ಗೊತ್ತಾಗಬಾರದು. ಬಿಟ್ಟ ಮೇಲೂ ಒಂದೆರಡು ಸೆಕೆಂಡ್ ಸೈಟ್ ನೋಡುತ್ತಲೇ ಇರಿ.

ಇದೆಲ್ಲ ಎಂಟು ಸೆಕೆಂಡ್ ಒಳಗೆ ಆಗಬೇಕು. ಆಗಲಿಲ್ಲವೇ, ಕೈ ಕೆಳಗಿಡಿ. ಉಸಿರು ಕಟ್ಟಿ ಜಾಸ್ತಿ ಹೊತ್ತು ಹಿಡಿದರೆ ಕಣ್ಣು ಮಂಜಾಗುತ್ತದೆ, ನಡುಕ ಏರುತ್ತದೆ. ಕೈ ಕೆಳಗಿಡುವುದಕ್ಕೆ ನಮ್ಮ ಮಕ್ಕಳು ನಾಚುತ್ತಾರೆ, ಪಕ್ಕದವರು ನೋಡುತ್ತಾರೆ ಅಂತ. 60 ಹೊಡೆತಕ್ಕೆ 75 ನಿಮಿಷ ಅಂದರೆ ಒಂದಕ್ಕೆ 75 ಸೆಕೆಂಡ್ ಸಿಕ್ಕಿತು. ಎರಡು ಸಲ ಕೆಳಗಿಟ್ಟು ಮೂರನೇ ಸಲ ಹೊಡೆಯಲೂ ಸಮಯ ಇದೆ.

ಸ್ಪರ್ಧೆಯಲ್ಲಿ ಮಾತ್ರ ಕೈ ಯಾಕೆ ನಡುಗುತ್ತದೆ?

ಸುಮ್ನೆ ನಿಂತಾಗಲೂ ಎಲ್ಲರ ಕೈ ನಡುಗುತ್ತದೆ. ಒಲಿಂಪಿಕ್ಸ್ ಪದಕದವರದ್ದೂ ಅಷ್ಟೇ. ಸ್ನಾಯು, ಎದೆಬಡಿತ, ಉಸಿರು ಎಲ್ಲ ಸೇರಿ ಆಗುವ ಸಣ್ಣ ನಡುಕ ಅದು.

ಸ್ಪರ್ಧೆಯಲ್ಲಿ ದೇಹ ಅಡ್ರಿನಲಿನ್ ಬಿಡುತ್ತದೆ. ಎದೆ ಬಡಿತ ಏರುತ್ತದೆ, ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ, ಸಣ್ಣ ನಡುಕ ದೊಡ್ಡದಾಗುತ್ತದೆ. ಸಮಯ ಓಡಿದ ಹಾಗೆ ಅನಿಸುತ್ತದೆ. ಓಡುವುದಕ್ಕೋ ಹೊಡೆದಾಡುವುದಕ್ಕೋ ದೇಹ ಮಾಡಿಕೊಳ್ಳುವ ತಯಾರಿ ಇದು. ದೊಡ್ಡ ಸ್ನಾಯುಗಳಿಗೆ ಒಳ್ಳೆಯದು, ತೋರುಬೆರಳಿನ ತುದಿಗೆ ಕಷ್ಟ. ನಮ್ಮ ಆಟಕ್ಕೆ ಬೇಕಿರುವುದು ಆ ತುದಿಯೇ.

ಇದು ಹೇಡಿತನವಲ್ಲ. ಪಾಲಕರು ದಯವಿಟ್ಟು "ಧೈರ್ಯ ಇಲ್ಲ ಇವನಿಗೆ" ಅನ್ನಬೇಡಿ. ಆ ಮಾತು ಕೇಳಿದ ಮಗು ಮುಂದಿನ ಸ್ಪರ್ಧೆಯಲ್ಲಿ ನಡುಕದ ಜೊತೆಗೆ, ನಡುಗುತ್ತಿದ್ದೇನೆ ಅನ್ನುವ ಅವಮಾನವನ್ನೂ ಹೊತ್ತು ನಿಲ್ಲುತ್ತದೆ.

ಮಾಡಬಹುದಾದದ್ದು ಎರಡು. ಒಂದು, ಉಸಿರು. ನಾಲ್ಕು ಎಣಿಸುತ್ತಾ ಒಳಗೆ, ಆರು ಎಣಿಸುತ್ತಾ ಹೊರಗೆ. ಹೊರಗೆ ಬಿಡುವುದು ಉದ್ದವಾದಷ್ಟೂ ಎದೆಬಡಿತ ಇಳಿಯುತ್ತದೆ. ಎರಡು, ಗಮನ. ಸ್ಕೋರ್, ಪಕ್ಕದವರು, ಹಿಂದೆ ಕೂತ ಅಪ್ಪ, ಇವು ಯಾವುದೂ ಕೈಯಲ್ಲಿಲ್ಲ. ಹಿಡಿತ, ಉಸಿರು, ಸೈಟ್, ಟ್ರಿಗರ್ ಕೈಯಲ್ಲಿವೆ. ಪ್ರತಿ ಹೊಡೆತಕ್ಕೂ ಇದೇ ನಾಲ್ಕು ಮಾತು, ಇದೇ ಕ್ರಮದಲ್ಲಿ, ಮನಸ್ಸಿನಲ್ಲೇ ಹೇಳಿಕೊಳ್ಳಬೇಕು. ಅಭ್ಯಾಸದ ದಿನ ಹೇಳಿಕೊಳ್ಳದವರಿಗೆ ಸ್ಪರ್ಧೆಯ ದಿನ ಅದು ನೆನಪಾಗುವುದಿಲ್ಲ.

ಆ ಒತ್ತಡವನ್ನು ಬಳ್ಳಾರಿಯಲ್ಲೇ ಹೇಗೆ ತರುವುದು?

ಪೂರ್ತಿ ತರಲಾಗದು. ಹತ್ತಿರಕ್ಕೆ ತರಬಹುದು.

ದಿನದ ಮೊದಲ ಹೊಡೆತವನ್ನು ನಾವು ಬೇರೆ ಪುಸ್ತಕದಲ್ಲಿ ಬರೆಯುತ್ತೇವೆ. ಪರೀಕ್ಷಾ ಹೊಡೆತ ಇಲ್ಲ, ಮೈ ಬಿಸಿ ಮಾಡಿಕೊಳ್ಳುವುದಿಲ್ಲ. ಬಂದವರು ತಯಾರಾಗಿ ಒಂದೇ ಹೊಡೆತ ಹೊಡೆಯಬೇಕು, ಎಲ್ಲರೂ ಹಿಂದೆ ನಿಂತು ನೋಡುತ್ತಾರೆ. ಒಂದೇ ಅವಕಾಶ ಅಂದಾಗ ಎದೆ ಹೇಗೆ ಬಡಿಯುತ್ತದೆ ಅಂತ ಅವತ್ತೇ ಗೊತ್ತಾಗುತ್ತದೆ.

ವಾರಕ್ಕೊಮ್ಮೆ ಫೈನಲ್ ಆಡಿಸುತ್ತೇವೆ. ಐದು ಹೊಡೆತಕ್ಕೆ 250 ಸೆಕೆಂಡ್, ಆಮೇಲೆ ಒಂದೊಂದಕ್ಕೆ 50 ಸೆಕೆಂಡ್. "ಲೋಡ್", "ಸ್ಟಾರ್ಟ್", "ಸ್ಟಾಪ್" ಅಂತ ಜೋರಾಗಿ ಹೇಳುತ್ತೇವೆ. ಪ್ರತಿ ಹೊಡೆತದ ಅಂಕವನ್ನು ದಶಮಾಂಶದಲ್ಲಿ, 10.9ರವರೆಗೆ, ಎಲ್ಲರ ಮುಂದೆ ಓದುತ್ತೇವೆ. ಕಡಿಮೆ ಬಂದವರು ಹೊರಗೆ. ಕೊನೆಗೆ ಸೋತವರು ಎಲ್ಲರಿಗೂ ಮಿರ್ಚಿ, ಒಗ್ಗರಣೆ ಮಂಡಕ್ಕಿ ಕೊಡಿಸಬೇಕು. ಮಿರ್ಚಿ ದುಡ್ಡು ಸಣ್ಣದು, ಆದರೆ ಕೈ ನಡುಗಿಸಲು ಸಾಕು.

ಗಲಾಟೆಯೂ ಬೇಕು. ಚಪ್ಪಾಳೆ, ಮೈಕ್ ಸದ್ದು, ಕುರ್ಚಿ ಎಳೆಯುವುದು. ಬೆನ್ನ ಹಿಂದೆ ಯಾರೋ ಫೋನಿನಲ್ಲಿ ಮಾತಾಡುತ್ತಿದ್ದರೂ ಸೈಟ್ ಮೇಲೆ ಕಣ್ಣಿಡುವುದನ್ನು ಕಲಿಯಬೇಕು.

ಎದೆಬಡಿತ ಏರಿಸಲು ಪಿಸ್ತೂಲ್ ಮೇಜಿನ ಮೇಲೆ ಖಾಲಿ ಇಟ್ಟು, ಬದಿಗೆ ಬಂದು ಇಪ್ಪತ್ತು ಬಸ್ಕಿ ಹೊಡೆಸುತ್ತೇವೆ. ವಾಪಸ್ ಬಂದು, ಉಸಿರು ಇಳಿಸಿಕೊಂಡು, ಆಮೇಲೆ ಹೊಡೆತ. ಓಡುವಾಗ, ಕುಣಿಯುವಾಗ ಪಿಸ್ತೂಲ್ ಯಾರ ಕೈಯಲ್ಲೂ ಇರಬಾರದು.

ಇನ್ನೊಂದು ಅಭ್ಯಾಸ ನನಗೆ ತುಂಬಾ ಇಷ್ಟ. ಸರಣಿಯ ನಡುವೆ ಇದ್ದಕ್ಕಿದ್ದಂತೆ "ನಿನ್ನ ಪಿಸ್ತೂಲ್ ಕೆಟ್ಟಿದೆ" ಅಂತ ಹೇಳಿ ಐದು ನಿಮಿಷ ಕೂರಿಸುವುದು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್‌ಗೆ ಆದದ್ದು ಇದೇ. ಅರ್ಹತಾ ಸುತ್ತಿನ ನಡುವೆ ಪಿಸ್ತೂಲ್ ಕೈಕೊಟ್ಟಿತು, ಸಮಯ ಹೋಯಿತು, ಫೈನಲ್ ತಪ್ಪಿತು. ಅದೇ ಹುಡುಗಿ 2024ರ ಪ್ಯಾರಿಸ್‌ನಲ್ಲಿ 221.7 ಅಂಕದೊಂದಿಗೆ ಕಂಚು ತಂದಳು. ಬೆಳ್ಳಿಯ ಹಾದಿ ತಪ್ಪಿದ್ದು 0.1 ಅಂಕದಲ್ಲಿ. ಎರಡು ದಿನ ಕಳೆದು ಸರಬ್ಜೋತ್ ಸಿಂಗ್ ಜೊತೆ ಮಿಶ್ರ ತಂಡದಲ್ಲಿ ಇನ್ನೊಂದು ಕಂಚು. ಸಮಯ ಕಳೆದುಕೊಂಡ ಮೇಲೆ ಉಳಿದ ಹೊಡೆತಗಳನ್ನು ಹೇಗೆ ಹಂಚಿಕೊಳ್ಳಬೇಕು ಅನ್ನುವುದನ್ನು ಸ್ಪರ್ಧೆಗೆ ಮುಂಚೆಯೇ ಕಲಿತಿರಬೇಕು.

ನಡುಕಕ್ಕೆ ಮಾತ್ರೆ ಇದೆಯಂತಲ್ಲ?

ಬೇಡ. ಎದೆಬಡಿತ ಇಳಿಸುವ ಬೀಟಾ ಬ್ಲಾಕರ್ ಮಾತ್ರೆಗಳು, ಪ್ರೊಪ್ರನೊಲಾಲ್ ಥರದವು, ಶೂಟಿಂಗ್‌ನಲ್ಲಿ ಸ್ಪರ್ಧೆಯ ದಿನ ಮಾತ್ರವಲ್ಲ, ವರ್ಷಪೂರ್ತಿ ನಿಷೇಧ. ಸಿಕ್ಕಿಬಿದ್ದರೆ ಆಟದಿಂದ ಹೊರಗೆ. ಮಕ್ಕಳ ಎದೆಗೂ ಅಪಾಯ. ಬೇರೆ ಕಾಯಿಲೆಗೆ ಡಾಕ್ಟರ್ ಬರೆದುಕೊಟ್ಟ ಮಾತ್ರೆ ಇದ್ದರೆ ನಮಗೆ ಮೊದಲೇ ತಿಳಿಸಿ. ಡಾಕ್ಟರನ್ನು ಕೇಳದೆ ನಿಲ್ಲಿಸಲೂಬೇಡಿ.

ಸ್ಪರ್ಧೆಯ ಬೆಳಗ್ಗೆ ಎರಡೆರಡು ಲೋಟ ಸ್ಟ್ರಾಂಗ್ ಚಹಾ ಕುಡಿಯುವುದನ್ನೂ ಬಿಡಿ.

ಒಂದು ಏಳು ಬಿತ್ತು. ಆಮೇಲೆ ಎಲ್ಲ ಕೆಟ್ಟಿತು. ಯಾಕೆ?

ಏಳರಿಂದ ಹೋದದ್ದು ಮೂರು ಅಂಕ. ಅದನ್ನು ಮುಂದಿನ ಹೊಡೆತದಲ್ಲೇ ತುಂಬಿಸಲು ಹೊರಟದ್ದರಿಂದ ಹೋದದ್ದು ಹತ್ತು ಅಂಕ. ಹತ್ತಕ್ಕಿಂತ ಜಾಸ್ತಿ ಹೊಡೆಯಲು ಅರ್ಹತಾ ಸುತ್ತಿನಲ್ಲಿ ಯಾರಿಗೂ ಆಗುವುದಿಲ್ಲ, ಅಲ್ವಾ? ಹಾಗಾಗಿ ತುಂಬಿಸುವುದು ಅಂತ ಒಂದಿಲ್ಲ.

ಪಿಸ್ತೂಲ್ ಕೆಳಗಿಡಿ. ಒಂದು ಹೆಜ್ಜೆ ಹಿಂದೆ ಬನ್ನಿ. ನೀರು ಕುಡಿಯಿರಿ. ದೂರದ ಗೋಡೆ ನೋಡಿ. ಖಾಲಿ ಪಿಸ್ತೂಲಿನಲ್ಲಿ ಒಂದೆರಡು ಸಲ ಟ್ರಿಗರ್ ಒತ್ತಿ ನೋಡಿ, ಆದರೆ ಅದು ಖಾಲಿ ಹೊಡೆತಕ್ಕೆ ಹೊಂದಿಸಿದೆಯಾ ಅಂತ ಖಾತ್ರಿ ಮಾಡಿಕೊಂಡೇ. ಆಮೇಲೆ ಮುಂದಿನದ್ದು.

ಮನೆಯಲ್ಲಿ ಅಭ್ಯಾಸ ಮಾಡಬಹುದಾ?

ಮಾಡಲೇಬೇಕು. ಪೆಲೆಟ್ ಇಲ್ಲದ ಖಾಲಿ ಹೊಡೆತ, ಡ್ರೈ ಫೈರ್, ನಮ್ಮ ಮಕ್ಕಳ ಅಭ್ಯಾಸದ ದೊಡ್ಡ ಪಾಲು ಅದೇ. ಬಿಳಿ ಗೋಡೆಯ ಮುಂದೆ ನಿಂತು ಸೈಟ್ ಮಾತ್ರ ನೋಡುತ್ತಾ ಟ್ರಿಗರ್ ಒತ್ತಿ. ಟಾರ್ಗೆಟ್ ಇಲ್ಲದಿದ್ದಾಗ ಆತುರ ಇರುವುದಿಲ್ಲ. ಬಿಡುವಾಗ ಸೈಟ್ ಅಲುಗಿದರೆ ತಪ್ಪು ನೇರ ಕಣ್ಣಿಗೆ ಕಾಣುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು, ಆದರೆ ದಿನವೂ ಇರಲಿ. ಪೆಲೆಟ್ ಡಬ್ಬಿ ಬೇರೆ ಕೋಣೆಯಲ್ಲಿ ಬೀಗ ಹಾಕಿರಲಿ. ಗೋಡೆಯ ಆಚೆ ಯಾರೂ ಓಡಾಡದ ದಿಕ್ಕು ಆರಿಸಿ. ಸ್ಪ್ರಿಂಗ್ ಇರುವ ಹಳೆಯ ಏರ್ ಪಿಸ್ತೂಲಿನಲ್ಲಿ ಮಾತ್ರ ಖಾಲಿ ಹೊಡೆಯಬೇಡಿ, ಒಳಗಿನ ಭಾಗ ಹಾಳಾಗುತ್ತದೆ.

ಬಳ್ಳಾರಿ ಬಿಸಿಲಲ್ಲಿ ಏನು ಎಚ್ಚರಿಕೆ?

ಸ್ಪರ್ಧೆಯ ಪಿಸ್ತೂಲಿನ ಸಿಲಿಂಡರ್‌ನಲ್ಲಿ ಸುಮಾರು 200 ಬಾರ್ ಒತ್ತಡದ ಗಾಳಿ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಮುಚ್ಚಿದ ಕಾರಿನೊಳಗೆ ಇನ್ನೂ ಜಾಸ್ತಿ. ಪಿಸ್ತೂಲ್ ಪೆಟ್ಟಿಗೆಯನ್ನು ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ. ಸಿಲಿಂಡರ್ ಮೇಲೆ ತಯಾರಾದ ದಿನಾಂಕ ಇರುತ್ತದೆ, ಹತ್ತು ವರ್ಷ ದಾಟಿದ್ದನ್ನು ಸ್ಪರ್ಧೆಯಲ್ಲಿ ಬಿಡುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಅದನ್ನೇ ನೋಡಿ.

ಬೆವರಿಗೆ ಕೈವಸ್ತ್ರ ಇರಲಿ. ಬೇಸಿಗೆಯಲ್ಲಿ ಬೆಳಗ್ಗೆ ಆರಕ್ಕೇ ಶುರು ಮಾಡುತ್ತೇವೆ.

ನನ್ನ ಬಳಿ ಲೈಸೆನ್ಸ್ ಇರುವ ರಿವಾಲ್ವರ್ ಇದೆ. ಈ ತರಬೇತಿ ಉಪಯೋಗಕ್ಕೆ ಬರುತ್ತದಾ?

ಕೆಲವು ಬರುತ್ತದೆ. ಸುರಕ್ಷತೆ, ಟ್ರಿಗರ್, ಸೈಟ್, ಉಸಿರು ಎಲ್ಲ ಕಡೆಗೂ ಒಂದೇ. ಉಳಿದದ್ದು ಬೇರೆ. ರಿವಾಲ್ವರ್ ಹಿಮ್ಮುಖ ಒದೆಯುತ್ತದೆ, ಎರಡು ಕೈಯಲ್ಲಿ ಹಿಡಿಯಬೇಕು, ಸದ್ದಿಗೆ ಕಿವಿ ಮುಚ್ಚಿಕೊಳ್ಳಬೇಕು. ಅದನ್ನು ಅನುಮತಿ ಇರುವ ಫೈರಿಂಗ್ ರೇಂಜ್‌ನಲ್ಲಿ, ಅರ್ಹ ತರಬೇತುದಾರರ ಬಳಿಯೇ ಕಲಿಯಿರಿ. ನಮ್ಮಲ್ಲಿಗೆ ತರಬೇಡಿ. 10 ಮೀಟರ್ ಹಾಲ್ ಗುಂಡು ತಡೆಯುವ ಹಾಗೆ ಕಟ್ಟಿದ್ದಲ್ಲ.

ವರ್ಷಗಟ್ಟಲೆ ಬೀರುವಿನಲ್ಲಿಟ್ಟು, ಒಮ್ಮೆಯೂ ಅಭ್ಯಾಸ ಮಾಡದೆ, ಆಪತ್ತಿನಲ್ಲಿ ಕೈಹಿಡಿಯುತ್ತದೆ ಅಂದುಕೊಳ್ಳುವುದು ಅಪಾಯ. ಮೇಲೆ ಹೇಳಿದ ನಡುಕ ಅಲ್ಲಿ ಹತ್ತು ಪಟ್ಟು ಇರುತ್ತದೆ, ಎದುರಿಗೆ ಕಾಗದದ ಟಾರ್ಗೆಟ್ ಇರುವುದಿಲ್ಲ, ಹಿಂದೆ ಮುಂದೆ ಜನ ಇರುತ್ತಾರೆ. ದೂರ ಸರಿಯಲು, ಪೊಲೀಸರನ್ನು ಕರೆಯಲು ದಾರಿ ಇದ್ದರೆ ಅದೇ ಸರಿಯಾದ ದಾರಿ.

ಮದುವೆ, ಮೆರವಣಿಗೆಯಲ್ಲಿ ಗಾಳಿಯಲ್ಲಿ ಗುಂಡು ಹಾರಿಸುವವರಿಗೆ ಒಂದು ಮಾತು. ಶಸ್ತ್ರಾಸ್ತ್ರ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ ಯಾರದೇ ಜೀವಕ್ಕೆ ಅಪಾಯವಾಗುವಂತೆ ಸಂಭ್ರಮಕ್ಕೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮೇಲೆ ಹೋದ ಗುಂಡು ಯಾರದೋ ಮಾಳಿಗೆ ಮೇಲೆ ಮಲಗಿದವರ ಮೇಲೆ ಬೀಳುತ್ತದೆ.

ಯಾವ ಪಿಸ್ತೂಲ್ ಕೊಳ್ಳಬೇಕು?

ಮೊದಲ ವರ್ಷ ಯಾವುದೂ ಬೇಡ. ಸ್ಟೈಯರ್, ಮೊರಿನಿ, ವಾಲ್ಥರ್, ಪಾರ್ಡಿನಿ ಎಲ್ಲ ಚೆನ್ನಾಗಿವೆ, ಎಲ್ಲದಕ್ಕೂ ಲಕ್ಷ ರೂಪಾಯಿ ಮೇಲೆ. ಮಗುವಿನ ಕೈ ಬೆಳೆಯುತ್ತದೆ, ಗ್ರಿಪ್ ಅಳತೆ ಬದಲಾಗುತ್ತದೆ. ಸಾಲ ಮಾಡಿ ತಂದುಕೊಟ್ಟ ಪಿಸ್ತೂಲ್ ಮಗುವಿನ ಕೈಗೆ ತುಂಬಾ ಭಾರ. ಕ್ಲಬ್ ಪಿಸ್ತೂಲಿನಲ್ಲೇ ಕಲಿಯಲಿ, ಆಸಕ್ತಿ ಉಳಿದರೆ ನೋಡೋಣ.

ತಡವಾಗಿ ಶುರು ಮಾಡಿದರೆ ಆಗುತ್ತದಾ?

ಆಗುತ್ತದೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ ಸಾಫ್ಟ್‌ವೇರ್ ಕೆಲಸ ಬಿಟ್ಟು ಈ ಆಟಕ್ಕೆ ಪೂರ್ತಿ ಬಂದವರು. 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 10 ಮೀಟರ್ ಏರ್ ಪಿಸ್ತೂಲ್ ಬೆಳ್ಳಿ ಅವರದ್ದು. ಆಗ ಅವರಿಗೆ ವಯಸ್ಸು ಮೂವತ್ತು ದಾಟಿತ್ತು.

ಸ್ಪರ್ಧೆಯ ದಿನ ಪಾಲಕರು ಏನು ಮಾಡಬೇಕು?

ಹಿಂದಿನ ದಿನವೇ ಊರು ತಲುಪಿ. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬೆಳಗ್ಗೆ ನೇರ ರೇಂಜ್‌ಗೆ ಕರೆತರಬೇಡಿ. ಹೊಟ್ಟೆಗೆ ರೂಢಿಯ ತಿಂಡಿಯೇ ಇರಲಿ. ಪಿಸ್ತೂಲ್ ತಪಾಸಣೆಗೆ ಸಾಲು ಇರುತ್ತದೆ, ಒಂದು ಗಂಟೆ ಮುಂಚೆ ಬನ್ನಿ.

ಹೊಡೆಯುವಾಗ ಮಗುವಿನ ಕಣ್ಣಿಗೆ ಬೀಳದ ಕಡೆ ಕೂರಿ. ಕೈಸನ್ನೆ ಬೇಡ, ತಲೆ ಅಲ್ಲಾಡಿಸುವುದು ಬೇಡ. ಪ್ರತಿ ಹತ್ತಕ್ಕೂ ಮನೆಗೆ ಫೋನ್ ಮಾಡಬೇಡಿ. ಮುಗಿದ ಮೇಲೆ ಮೊದಲು ನೀರು ಕೊಡಿ, ಊಟ ಮಾಡಿಸಿ. ಸ್ಕೋರಿನ ಮಾತು ಮಗುವೇ ಎತ್ತಲಿ. ಡೈರಿಯಲ್ಲಿ ಅವತ್ತಿನ ಹೊಡೆತಗಳನ್ನು ಬರೆದಿದೆಯಾ ಅಂತ ಮಾತ್ರ ಸಂಜೆ ಕೇಳಿ, ಸೋಮವಾರ ಬರುವಾಗ ಆ ಡೈರಿ ಜೊತೆಗೆ ಕಳಿಸಿ.